ಕರು ಹಾಕಿದ ಮೇಲೆ ದನ ಹಿಂಡಿ ಮುಟ್ಟುತ್ತಿಲ್ಲ, ಹಾಲೂ ಇಳಿದಿದೆ. ಹೊಟ್ಟೆಯ ಸೂಕ್ಷ್ಮಜೀವಿಗಳಿಗೂ ಇದಕ್ಕೂ ಸಂಬಂಧ ಇದೆಯಾ?

ಇದೆ. ದನದ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಮೇವನ್ನು ಹುಳಿಸಿ ಆಮ್ಲ ಮಾಡುತ್ತವೆ, ಅದರಲ್ಲಿ ಪ್ರೊಪಿಯೋನೇಟ್ ಅನ್ನೋದು ಲಿವರ್‌ಗೆ ಹೋಗಿ ಗ್ಲೂಕೋಸ್ ಆಗುತ್ತದೆ, ಹಾಲಿನ ಸಕ್ಕರೆ ಬರುವುದು ಆ ಗ್ಲೂಕೋಸಿಂದಲೇ. ಕರು ಹಾಕುವ ಹೊತ್ತಿಗೆ ತಿನ್ನುವುದು ಕಡಿಮೆ, ಮೈಯ ಶಕ್ತಿ ಖರ್ಚಾಗುವುದು ಜಾಸ್ತಿ. ಆಗ ಮೈಕೊಬ್ಬು ಕರಗಿ, ರಕ್ತದಲ್ಲಿ ಕೀಟೋನ್ ಅನ್ನೋ ವಸ್ತು ಏರುವ ಕೀಟೋಸಿಸ್ ಕಾಯಿಲೆ ಬರುತ್ತದೆ, ದನ ಹಿಂಡಿ ಬಿಡುವುದು, ಹಾಲು ಇಳಿಯುವುದು ಅದರಿಂದಲೂ ಆಗಬಹುದು.

ನಮ್ಮ ತೀರ್ಥಹಳ್ಳಿ ಕಡೆ ಬಾಣಂತಿ ದನ ಅಂತ ಮರುದಿನವೇ ಬಕೆಟ್ ತುಂಬ ಅಕ್ಕಿಗಂಜಿ, ಜೋಳದ ಹಿಟ್ಟು ಇಡುವವರಿದ್ದಾರೆ. ಪ್ರೀತಿಯೇನೋ ಸರಿ, ಆದರೆ ಹೊಟ್ಟೆ ತೀರಾ ಹುಳಿಯಾಗಿ ನಾರು ಅರಗಿಸುವ ಜೀವಿಗಳು ಸಾಯುತ್ತವೆ, ಮೆಲುಕು ನಿಲ್ಲುತ್ತದೆ, ಸಗಣಿ ನೀರಾಗುತ್ತದೆ.

ಮುಂದಿನ ಸಲ ಕರು ಹಾಕುವ 3 ವಾರ ಮೊದಲಿಂದಲೇ ಹಿಂಡಿ ಸ್ವಲ್ಪಸ್ವಲ್ಪ ಏರಿಸಿ, ಒಣಹುಲ್ಲು ತಪ್ಪಿಸಬೇಡಿ. ಈಗ ಸುಮ್ನೆ ಕಾಯಬೇಡಿ, ಡಾಕ್ಟರನ್ನು ಕರೆಸಿ.