ಓದುಗರ ಪ್ರಶ್ನೆ: ಮಕ್ಕಳಿರುವ ಮನೆಗೆ ಬೇಟೆನಾಯಿ

ಪ್ರಶ್ನೆ: ಮನೆಯಲ್ಲಿ ಏಳು ಮತ್ತು ಹತ್ತು ವರ್ಷದ ಮಕ್ಕಳಿದ್ದಾರೆ. ಮಾವನವರು ಮುಧೋಳದ ಮರಿ ತರಿಸುವ ಹಟದಲ್ಲಿದ್ದಾರೆ. ‘ಬೇಟೆನಾಯಿ ಜೊತೆ ಬೆಳೆದ ಹುಡುಗರ ಗತ್ತೇ ಬೇರೆ’ ಎನ್ನುತ್ತಾರೆ. ಅಕ್ಕಪಕ್ಕದವರು ಹೆದರಿಸುತ್ತಾರೆ. ಮಕ್ಕಳಿಗೆ ನಿಜಕ್ಕೂ ಒಳ್ಳೆಯದೇ?
(ತೀರ್ಥಹಳ್ಳಿ ತಾಲ್ಲೂಕಿನ ಓದುಗರು)

ಉತ್ತರ: ಮಾವನವರ ಮಾತು ಅರ್ಧ ಸರಿ. ನಾಯಿ ಜಗಲಿಯಲ್ಲಿ ಬಿದ್ದುಕೊಂಡಿದ್ದ ಮಾತ್ರಕ್ಕೆ ಮಕ್ಕಳಿಗೆ ಏನೂ ಬರುವುದಿಲ್ಲ. ನಾಯಿಯ ಕೆಲಸದಲ್ಲಿ ಅವರಿಗೂ ಪಾಲು ಸಿಕ್ಕರೆ ಬರುತ್ತದೆ.

ಆರೋಗ್ಯದ ವಿಷಯ ಮೊದಲು. ಫಿನ್ಲೆಂಡಿನಲ್ಲಿ 397 ಕೂಸುಗಳನ್ನು ಒಂದು ವರ್ಷ ಗಮನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಯಿ ಇದ್ದ ಮನೆಯ ಕೂಸುಗಳಿಗೆ ಶೀತ-ಕೆಮ್ಮು, ಕಿವಿಸೋಂಕು ಕಡಿಮೆ ಕಂಡಿತ್ತು. ಅದರಲ್ಲೂ ನಾಯಿ ಹೆಚ್ಚು ಹೊತ್ತು ಹೊರಗೇ ಇರುವ ಮನೆಗಳಲ್ಲಿ. ಅಂಗಳದಲ್ಲಿ ಓಡಾಡಿ ಒಳಗೆ ಇಣುಕಿ ಹೋಗುವ ಮಲೆನಾಡಿನ ನಾಯಿಗೆ ಒಪ್ಪುವ ಲೆಕ್ಕ ಇದು. ಆದರೆ ನಿಮ್ಮ ಮಕ್ಕಳು ಆ ವಯಸ್ಸು ದಾಟಿದ್ದಾರೆ. ಅವರಿಗೆ ದಕ್ಕುವುದು ಬೇರೆ: ಮಾತಿಲ್ಲದ ಜೀವದ ಕಿವಿ, ಬಾಲ, ಕಣ್ಣು ನೋಡಿ ಮನಸ್ಸು ತಿಳಿಯುವುದು, ಮಳೆ ಹೊಯ್ಯುತ್ತಿದ್ದರೂ ಕೆಲಸ ತಪ್ಪಿಸದಿರುವುದು.

ತಳಿಯ ಬಗ್ಗೆ ಸ್ವಲ್ಪ ಯೋಚಿಸಿ. ಮುಧೋಳ ಬಯಲುಸೀಮೆಯ ನಾಯಿ, ಕಣ್ಣಿಗೆ ಕಂಡದ್ದನ್ನು ಅಟ್ಟುವ ಜಾತಿ. ಕೋಳಿ, ಕರು ಓಡಿದರೂ ಅದಕ್ಕೆ ಬೇಟೆಯೇ; ಮಕ್ಕಳು ಕಿರುಚಿ ಓಡಿದರೂ ಬೆನ್ನು ಹತ್ತಬಹುದು. ಕೂದಲು ತೆಳು, ಮೈಯಲ್ಲಿ ಕೊಬ್ಬಿಲ್ಲ. ನಿಮ್ಮ ಕಡೆಯ ಜೂನ್-ಆಗಸ್ಟಿನ ಮಳೆಗೆ ಕೊಟ್ಟಿಗೆಯ ಮೂಲೆ ಸಾಲದು. ನೆಲದಿಂದ ಒಂದಡಿ ಎತ್ತರದ ಹಲಗೆ, ಒಣ ಗೋಣಿಚೀಲ ಬೇಕು. ಒದ್ದೆಯಲ್ಲೇ ಮಲಗಿದರೆ ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ. ನಮ್ಮನ್ನು ಕೇಳಿದರೆ, ಊರಿನಲ್ಲೇ ಗುಣ ಗೊತ್ತಿರುವ ತಾಯಿಯ ನಾಟಿ ಮರಿ ಮೇಲು. ಮುಧೋಳವೇ ಬೇಕೆಂದಾದರೆ ಮುಧೋಳ ಹತ್ತಿರದ ತಿಮ್ಮಾಪುರದಲ್ಲಿರುವ, ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ. ಯಾವುದಾದರೂ ಸರಿ, ಎಂಟು ವಾರ ತುಂಬುವ ಮೊದಲು ತಾಯಿಯಿಂದ ಬಿಡಿಸಬೇಡಿ.

ಏಳರ ಮಗುವಿಗೆ ನೀರಿನ ಪಾಲು: ಬೆಳಿಗ್ಗೆ-ಸಂಜೆ ಬೋಗುಣಿ ತೊಳೆದು ತುಂಬಿಸುವುದು. ಹತ್ತರ ಮಗುವಿಗೆ ಮೈ ಉಜ್ಜುವುದು. ಬೆಳೆದ ಮುಧೋಳ 20 ಕಿಲೋ ದಾಟುತ್ತದೆ. ಹಾಗಾಗಿ ಹಗ್ಗ ದೊಡ್ಡವರ ಕೈಯಲ್ಲೇ ಇರಲಿ, ಬೇಕಿದ್ದರೆ ಕೊರಳಪಟ್ಟಿಗೆ ಎರಡನೆಯ ಹಗ್ಗ ಕಟ್ಟಿ ಮಗುವಿಗೆ ಕೊಡಿ.

ಬೇಟೆಯ ಚಪಲ ತೀರಲು ಒಂದು ಆಟ. ಮೂರು ತೆಂಗಿನ ಕರಟ ಬೋರಲು ಹಾಕಿ, ಒಂದರಡಿ ಕಡಲೆಕಾಳಿನಷ್ಟು ಬೆಂದ ಮೊಟ್ಟೆ. ಮೊದಲೆರಡು ಸಲ ನಾಯಿ ನೋಡುತ್ತಿರುವಾಗಲೇ ಇಡಿ, ಆಮೇಲೆ ಮರೆಯಲ್ಲಿ. ಆಟ ಕೆಡುವುದು ಎರಡು ಕಡೆ. ಮೊಟ್ಟೆ ಮುಟ್ಟಿದ ಕೈಯಲ್ಲೇ ಮೂರೂ ಕರಟ ಹಿಡಿದರೆ ಎಲ್ಲದಕ್ಕೂ ವಾಸನೆ ಹತ್ತುತ್ತದೆ. ಚೂರು ಇಡಲು ಒಂದು ಕೈ, ಕರಟ ಮುಚ್ಚಲು ಇನ್ನೊಂದು. ಮೊಟ್ಟೆ ಮುಚ್ಚಿದ ಕರಟವನ್ನೂ ಮತ್ತೆ ಖಾಲಿ ಇಡಲು ಬಳಸಬೇಡಿ. ಎರಡನೆಯದು, ನಾಯಿ ತಡಮಾಡಿದಾಗ ಮಗು ‘ಇಲ್ಲಿ ನೋಡು’ ಎಂದು ಬೆರಳು ತೋರಿಸುವುದು. ಎರಡು ದಿನ ಹೀಗಾದರೆ ನಾಯಿ ಮೂಗು ಬಿಟ್ಟು ಮಗುವಿನ ಕೈ ನೋಡಲು ಕಲಿಯುತ್ತದೆ. ಐದಾರು ಸಲ ಸಾಕು, ನಾಯಿಗೆ ಇನ್ನೂ ಹುಮ್ಮಸ್ಸು ಇರುವಾಗಲೇ ನಿಲ್ಲಿಸಿ.

ಪ್ರಶ್ನೆ: ನಾಯಿ ಸೊಪ್ಪಿನ ಬೆಟ್ಟ ಸುತ್ತಿ ಮೈತುಂಬ ಉಣುಗು ಹತ್ತಿಸಿಕೊಂಡು ಬರುತ್ತದೆ. ಮಕ್ಕಳು ತಬ್ಬಿಕೊಳ್ಳುತ್ತಾರೆ. ಮಂಗನ ಕಾಯಿಲೆ ಬಂದೀತೇ?
(ಸೊರಬ ತಾಲ್ಲೂಕಿನ ಓದುಗರು)

ಉತ್ತರ: ಹೆದರಿಕೆಗೆ ಕಾರಣ ಇದೆ. 1957ರಲ್ಲಿ ಈ ಕಾಯಿಲೆ ಗುರುತಾದದ್ದೇ ನಿಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗಿನ ಕಡಿತದಿಂದ; ನಾಯಿ ಆ ಉಣುಗನ್ನು ಮನೆಯ ತನಕ ಹೊತ್ತು ತರಬಲ್ಲದು. ಚಳಿಗಾಲದಿಂದ ಮಳೆ ಹಿಡಿಯುವ ತನಕ, ರಾಗಿಕಾಳಿನಷ್ಟು ಚಿಕ್ಕ ಮರಿ ಉಣುಗುಗಳು ಹೆಚ್ಚಿರುವಾಗ, ನಾಯಿಯನ್ನು ಕಾಡಿಗೆ ಬಿಡಲೇಬೇಡಿ.

ದಿನಾ ಸಂಜೆ, ಒಳಗೆ ಬರುವ ಮುಂಚೆ, ಕಿವಿಯ ಒಳಮಡಿಕೆ, ಕೊರಳಪಟ್ಟಿಯ ಕೆಳಗೆ, ಬೆರಳ ಸಂದು, ಕಂಕುಳು, ಬಾಲದ ಬುಡ ನೋಡಬೇಕು. ಮಗು ತೋರಿಸಲಿ, ತೆಗೆಯುವುದು ದೊಡ್ಡವರು. ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು, ತಿರುಚದೆ ನೇರ ಮೇಲಕ್ಕೆ ಎಳೆದು ಸೋಪಿನ ನೀರಿಗೆ ಹಾಕಿ. ಉಗುರಲ್ಲಿ ಚಿವುಟಿ ಒಡೆಯುವುದು ಎಲ್ಲರಿಗೂ ರೂಢಿ, ಅದನ್ನು ಬಿಡಿ. ಸೀಮೆಎಣ್ಣೆಯೂ ಬೇಡ. ಉಣುಗಿಗೆಂದೇ ಇರುವ ಮಾತ್ರೆಯನ್ನು ಪಶುವೈದ್ಯರು ನಾಯಿಯ ತೂಕ ನೋಡಿ ಕೊಡುತ್ತಾರೆ. ಮೈಗೆ ಹಚ್ಚುವ ಔಷಧಿಯಾದರೆ ಪೂರ್ತಿ ಒಣಗುವ ತನಕ ಮಕ್ಕಳು ಮುಟ್ಟಬಾರದು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಪ್ರಶ್ನೆ: ನಾಲ್ಕು ವರ್ಷದ ಮಗ ತಟ್ಟೆಯ ಹತ್ತಿರ ಹೋದಾಗ ನಾಯಿ ಗುರ್ ಎಂದಿತು. ಎರಡು ಬಾರಿಸಿದ ಮೇಲೆ ಗುರುಗುಟ್ಟುವುದು ನಿಂತಿದೆ. ಸರಿಹೋಯಿತು ಎನ್ನಬಹುದೇ?
(ಸಾಗರದ ಓದುಗರು)

ಉತ್ತರ: ಇಲ್ಲ, ಅಪಾಯ ಹೆಚ್ಚಿತು. ಗುರುಗುಟ್ಟುವುದು ನಾಯಿ ಕೊಡುವ ಎಚ್ಚರಿಕೆ. ಅದನ್ನು ಹೊಡೆದು ನಿಲ್ಲಿಸಿದರೆ ಸಿಟ್ಟು ಒಳಗೇ ಉಳಿದು, ಮುಂದಿನ ಸಲ ಸದ್ದಿಲ್ಲದೆ ಬಾಯಿ ಹಾಕುತ್ತದೆ. ಗುರುಗುಟ್ಟುವ ಮೊದಲೂ ಸುಳಿವು ಇರುತ್ತದೆ: ಮುಖ ತಿರುಗಿಸುವುದು, ತುಟಿ ನೆಕ್ಕುವುದು, ತಟ್ಟೆಯ ಮೇಲೆ ಬಾಯಿಟ್ಟು ಮೈ ಬಿಗಿಹಿಡಿದು ನಿಲ್ಲುವುದು. ಊಟ ಬಾಗಿಲ ಆಚೆ ಹಾಕಿ, ಮಗನಿಗೆ ಆ ಕಡೆ ಹೋಗಲು ಬಿಡಬೇಡಿ. ಆರು ತುಂಬುವ ತನಕ ಮಗು-ನಾಯಿ ಇಬ್ಬರನ್ನೇ ಬಿಟ್ಟು ಹೋಗಬಾರದು, ನಾಯಿ ಎಷ್ಟೇ ಸಾಧುವಾಗಿರಲಿ.

ಹಲ್ಲು ತಾಗಿದರೆ, ಗೀರಿದ್ದರೂ, ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ, ಕಾಫಿಪುಡಿ ಹಚ್ಚಬೇಡಿ. ನಾಯಿಗೆ ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಆಮೇಲೆ ವರ್ಷವರ್ಷ. ಜಂತುಹುಳದ ಔಷಧಿ ಮರಿಗೆ ಮೂರು ತಿಂಗಳ ತನಕ 15 ದಿನಕ್ಕೊಮ್ಮೆ, ದೊಡ್ಡದಾದ ಮೇಲೆ ಮೂರು ತಿಂಗಳಿಗೊಮ್ಮೆ. ಇದು ತಪ್ಪಿದರೆ ಹುಳದ ಮೊಟ್ಟೆ ಅಂಗಳದ ಮಣ್ಣಿನಿಂದ ಮಗುವಿನ ಬಾಯಿಗೆ.

ಪ್ರಶ್ನೆ: ಮಗನಿಗೆ ಧೈರ್ಯ ಬರಲಿ ಎಂದು ನಾಯಿ ಜೊತೆ ಹಂದಿ, ಮೊಲದ ಬೇಟೆಗೆ ಕರೆದೊಯ್ಯಬಹುದೇ?
(ಹೊಸನಗರ ತಾಲ್ಲೂಕಿನ ಓದುಗರು)

ಉತ್ತರ: ಕೂಡದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅಪರಾಧ. ಕಾನೂನು ಬದಿಗಿಟ್ಟರೂ, ಹಂದಿಗೆ ಒಡ್ಡಿದ ಉರುಳಿಗೆ ಮೊದಲು ಬೀಳುವುದು ಮುಂದೆ ಓಡುವ ನಾಯಿ, ಅದನ್ನು ಬಿಡಿಸಲು ಹೋಗುವುದು ಹುಡುಗ.

ಪ್ರಶ್ನೆ: ಅಡಿಕೆ ತೋಟಕ್ಕೆ ಮಕ್ಕಳ ಹಿಂದೆ ನಾಯಿಯೂ ಬರುತ್ತದೆ. ಏನು ನೋಡಿಕೊಳ್ಳಬೇಕು?
(ಕೊಪ್ಪದ ಓದುಗರು)

ಉತ್ತರ: ಬಸವನಹುಳುವಿಗೆ ಚೆಲ್ಲುವ ಮೆಟಾಲ್ಡಿಹೈಡ್ ಗುಳಿಗೆ ಎಲ್ಲಕ್ಕಿಂತ ಕೆಟ್ಟದ್ದು, ನಾಯಿ ಅದನ್ನು ತಿಂಡಿಯೆಂದೇ ತಿನ್ನುತ್ತದೆ, ಸ್ವಲ್ಪ ಹೊತ್ತಿನಲ್ಲೇ ನಡುಕ, ಸೆಳೆತ. ಪೊಟ್ಟಣ ಕೈಯಲ್ಲಿ ಹಿಡಿದೇ ಪಶು ಆಸ್ಪತ್ರೆಗೆ ಓಡಿ. ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣದ ಡ್ರಮ್ಮಿಗೆ ಮುಚ್ಚಳ ಹಾಕಿ. ಹಸಿ ಅಡಿಕೆ ಜಗಿದರೆ ಜೊಲ್ಲು ಸುರಿಸಿ, ವಾಂತಿ-ಭೇದಿ ಮಾಡಿಕೊಳ್ಳುತ್ತದೆ. ಹಿಂದೆ ನಾಯಿಗೆ ಲಾಡಿಹುಳ ಬೀಳಿಸಲು ಕೊಡುತ್ತಿದ್ದ ಔಷಧಿ ಅಡಿಕೆಯ ಸತ್ವದ್ದೇ! ಮಳೆಗಾಲದಲ್ಲಿ ಮೂಗಿನ ಹೊಳ್ಳೆಯನ್ನೂ ನೋಡಿ: ಉಂಬಳ (ಜಿಗಣೆ) ಒಳಗೆ ಸೇರಿದ್ದರೆ ನಾಯಿ ಸೀನುತ್ತಲೇ ಇರುತ್ತದೆ, ಒಂದೇ ಹೊಳ್ಳೆಯಿಂದ ರಕ್ತ ತೊಟ್ಟಿಕ್ಕುತ್ತದೆ.