ಹಾಟ್ ರಾಡ್ ಚಾಸಿ: ಕಡ್ಡಿ ಹಚ್ಚುವ ಮೊದಲಿನ ಅಳತೆಗಳು

ಪ್ರಶ್ನೆ: ಸಿಂಧನೂರಿನಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ಶೆಡ್ಡಿನಲ್ಲಿ ಎಂಟು ವರ್ಷಗಳಿಂದ ವೆಲ್ಡಿಂಗ್ ಮಾಡುತ್ತಿದ್ದೇನೆ. 1932ರ ಫೋರ್ಡ್ ಕಾರಿನ ಮಾದರಿಯಲ್ಲಿ ಒಂದು ಹಾಟ್ ರಾಡ್ (ಹಳೆಯ ಕಾಲದ ಕಾರಿನ ರೂಪಕ್ಕೆ ಬೇರೆ ಎಂಜಿನ್ ಕೂರಿಸಿ ಕಟ್ಟುವ ಕಾರು) ಕಟ್ಟಬೇಕೆಂಬುದು ನನ್ನ ಬಹುದಿನದ ಆಸೆ. ಮನೆಯ ಹಿಂದೆ ತಗಡಿನ ಶೆಡ್ಡು ಇದೆ. ಹಳೆಯ ಜೀಪಿನ ಡೀಸೆಲ್ ಎಂಜಿನ್, ಗೇರ್‌ಬಾಕ್ಸ್ ಮತ್ತು ಹಿಂದಿನ ಆಕ್ಸಲ್ ಸಿಕ್ಕಿವೆ. ಟ್ರೇಲರಿಗೆ ಹಾಕುವ, ಒಂದು ಬದಿ ತೆರೆದ ಚಾನೆಲ್‌ನಿಂದಲೇ ಚಾಸಿ (ಕಾರಿನ ಅಡಿಯ ಚೌಕಟ್ಟು) ಮಾಡಬಹುದೇ, ನಾಲ್ಕೂ ಬದಿ ಮುಚ್ಚಿದ ಬಾಕ್ಸ್ ಪೈಪೇ ಬೇಕೇ? ಎಷ್ಟು ದಪ್ಪದ್ದು ತರಲಿ, ಎಲ್ಲಿಂದ ಆರಂಭಿಸಲಿ?

ಉತ್ತರ: ಚಾನೆಲ್ ಬೇಡ, ಬಾಕ್ಸ್ ಪೈಪ್ ತನ್ನಿ. ನಿಮ್ಮ ಕಸುಬಿನಿಂದಲೇ ಇದರ ಕಾರಣವನ್ನು ತಿಳಿಯಬಹುದು. ಎರಡು ಚಕ್ರದ ಟ್ರೇಲರ್ ನೆಲದ ಮೇಲೆ ನಿಲ್ಲುವುದು ಮೂರೇ ಕಡೆ: ಎರಡು ಟೈರು ಮತ್ತು ಮುಂದಿನ ಹುಕ್ಕು. ಮೂರು ಕಾಲಿನ ಸ್ಟೂಲ್ ಎಂಥ ಒರಟು ನೆಲದ ಮೇಲೂ ಅಲುಗದೆ ನಿಲ್ಲುವಂತೆ, ಟ್ರೇಲರಿನ ಚಾಸಿಗೆ ತಿರುಚುವ ಬಲ ಹೆಚ್ಚಾಗಿ ತಾಗುವುದಿಲ್ಲ. ಕಾರು ನಾಲ್ಕು ಕಡೆ ನಿಲ್ಲುತ್ತದೆ. ಒಂದು ಚಕ್ರ ಗುಂಡಿಗೆ ಇಳಿದ ಕ್ಷಣದಲ್ಲಿ ಇಡೀ ಚಾಸಿಯನ್ನು ಒದ್ದೆ ಬಟ್ಟೆ ಹಿಂಡಿದಂತೆ ತಿರುಚುವ ಬಲ ಬೀಳುತ್ತದೆ. ಈ ತಿರುಚುವಿಕೆಯನ್ನು ತಡೆಯುವುದರಲ್ಲಿ ತೆರೆದ ಚಾನೆಲ್ ತೀರ ದುರ್ಬಲ. 100x50 ಮಿ.ಮೀ. ಅಳತೆಯ, 3 ಮಿ.ಮೀ. ದಪ್ಪದ ಚಾನೆಲ್ ಮತ್ತು ಅದೇ ಅಳತೆಯ ಮುಚ್ಚಿದ ಬಾಕ್ಸ್ ಪೈಪ್ ಎರಡನ್ನೂ ಲೆಕ್ಕ ಹಾಕಿ ನೋಡಿದರೆ, ತಿರುಚುವಿಕೆಯ ವಿರುದ್ಧ ಬಾಕ್ಸಿನ ಬಿಗಿತ ಸುಮಾರು 500 ಪಟ್ಟು ಹೆಚ್ಚು ಬರುತ್ತದೆ. 1932ರ ಫೋರ್ಡ್‌ನ ಮೂಲ ಚಾಸಿಯೂ ತಗಡನ್ನು ಒತ್ತಿ ಮಾಡಿದ ಚಾನೆಲ್ಲೇ ಆಗಿತ್ತು, ಆದರೆ ಅದರೊಡನೆ ಬಂದ ವಿ8 ಎಂಜಿನ್ ಕೇವಲ 65 ಅಶ್ವಶಕ್ತಿಯದು; ಮುಂದೆ ಹೆಚ್ಚು ಬಲದ ಎಂಜಿನ್ ಕೂರಿಸಿದ ಅಮೆರಿಕದ ಹಾಟ್ ರಾಡ್ ಕಟ್ಟುವವರು ಆ ಚಾನೆಲ್‌ನ ತೆರೆದ ಬದಿಗೆ ಪ್ಲೇಟ್ ಬೆಸೆದು ಅದನ್ನು ಪೆಟ್ಟಿಗೆಯಾಗಿ ಮುಚ್ಚುವುದನ್ನು ರೂಢಿ ಮಾಡಿಕೊಂಡರು.

ಅಳತೆಯ ವಿಷಯದಲ್ಲಿ ಹಣ ಉಳಿಸಲೆಂದು 80x40 ಪೈಪಿಗೆ ಇಳಿಯಬೇಡಿ. 3 ಮಿ.ಮೀ. ದಪ್ಪದ 80x40 ಮೀಟರಿಗೆ ಸುಮಾರು 5.3 ಕಿಲೋ ತೂಗಿದರೆ 100x50 ಸುಮಾರು 6.7 ಕಿಲೋ ತೂಗುತ್ತದೆ. ಅಂದರೆ ತೂಕ ಕಾಲು ಭಾಗ ಮಾತ್ರ ಹೆಚ್ಚುತ್ತದೆ, ಆದರೆ ಬಾಗುವಿಕೆಯ ವಿರುದ್ಧದ ಬಿಗಿತ ಎರಡು ಪಟ್ಟಾಗುತ್ತದೆ. ದಪ್ಪ 3 ಮಿ.ಮೀ. ಇದ್ದರೂ ನಡೆಯುತ್ತದೆ, ಆದರೆ ಡೀಸೆಲ್ ಎಂಜಿನ್ ಭಾರದ್ದು, ನೀವು ವೆಲ್ಡಿಂಗ್ ಕಡ್ಡಿಯಲ್ಲಿ ಬೆಸೆಯುವವರು, ಮೇಲಾಗಿ ಇದು ನಿಮ್ಮ ಮೊದಲ ಚಾಸಿ. ಆದ್ದರಿಂದ 4 ಮಿ.ಮೀ. ದಪ್ಪದ್ದನ್ನೇ ಹಾಕಿ ಎಂಬುದು ನನ್ನ ಸಲಹೆ. ಪೈಪಿನ ಮೇಲೆ ಐ.ಎಸ್. 4923 ಎಂಬ ಗುರುತು ಮತ್ತು ವೈಎಸ್‌ಟಿ 310 ಎಂಬ ದರ್ಜೆ ಇದೆಯೇ ಎಂದು ಅಂಗಡಿಯಲ್ಲಿಯೇ ನೋಡಿಕೊಳ್ಳಿ. ಗೇಟು, ಕಿಟಕಿಗೆಂದು ಮಾರುವ ಗುರುತಿಲ್ಲದ ಪೈಪನ್ನು ಇದಕ್ಕೆ ತರಬಾರದು. ಗುಜರಿಯಲ್ಲಿ ಸಿಕ್ಕುವ ಹಳೆಯ ಲಾರಿ ಚಾಸಿಯೂ ಬೇಡ. ಅದರಲ್ಲಿ ಹೆಚ್ಚು ಬಲದ ಉಕ್ಕು ಇರುವುದುಂಟು, ಅಂಥ ಉಕ್ಕಿಗೆ ಮನೆಯಲ್ಲಿ ಬೆಸುಗೆ ಹಾಕಿದರೆ ಬೆಸುಗೆಯ ಪಕ್ಕದಲ್ಲಿಯೇ ಬಿರುಕು ಬಿಡುತ್ತದೆ.

ಪೈಪ್ ತರುವ ಮೊದಲು ನಾಲ್ಕು ಟೈರು ತನ್ನಿ. ಕಾರು ನೆಲದಿಂದ ಎಷ್ಟು ಎತ್ತರದಲ್ಲಿ ನಿಲ್ಲಬೇಕು ಎಂಬುದು ಮೊದಲು ತೀರ್ಮಾನವಾಗಬೇಕು. ಉಳಿದ ಅಳತೆಗಳೆಲ್ಲ ಅದರಿಂದ ಹೊರಡುತ್ತವೆ. ಶೆಡ್ಡಿನ ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಕಾರಿನ ಬದಿಯ ನೋಟವನ್ನು ಪೂರ್ತಿ ಅಳತೆಯಲ್ಲಿ ಬರೆಯಿರಿ. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ಅಂತರ 1932ರ ಮಾದರಿಯಂತೆ 106 ಇಂಚು, ಅಂದರೆ 2692 ಮಿ.ಮೀ. ಇರಲಿ. ಹಿಂದಿನ ಆಕ್ಸಲ್ ಸ್ಪ್ರಿಂಗಿನ ಮೇಲೆ ಕನಿಷ್ಠ 75 ಮಿ.ಮೀ. ಮೇಲೇಳಲು ಜಾಗ ಸಿಗುವಂತೆ ಅಲ್ಲಿ ಪೈಪನ್ನು ಮೇಲಕ್ಕೆತ್ತಿ ಬಗ್ಗಿಸಬೇಕಾಗುತ್ತದೆ, ಆ ಎತ್ತರ ಎಷ್ಟೆಂಬುದು ಈ ಚಿತ್ರದಲ್ಲಿಯೇ ಕಾಣುತ್ತದೆ. ಹಳೆಯ ಫೋರ್ ವೀಲ್ ಜೀಪುಗಳಲ್ಲಿ ಎಂಜಿನ್ನಿನ ತಿರುಗುಬಲವನ್ನು ಹಿಂದಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಗಾಡಿಯ ನಡುಗೆರೆಯಲ್ಲಿರದೆ ಬದಿಗೆ ಸರಿದಿರುವುದುಂಟು. ನಿಮ್ಮ ಆಕ್ಸಲ್‌ನ ಡಿಫರೆನ್ಷಿಯಲ್ (ಆ ಬಲವನ್ನು ಎರಡೂ ಚಕ್ರಗಳಿಗೆ ಹಂಚುವ ಗೇರುಗಳ ಗೂಡು) ಎಲ್ಲಿದೆ ಎಂಬುದನ್ನು ಅಳೆದು, ಎಂಜಿನ್ ಕೂರುವ ಜಾಗವನ್ನು ಅದಕ್ಕೆ ಹೊಂದಿಸಿ. ಬದಿಯಿಂದ ನೋಡಿದಾಗ ಗೇರ್‌ಬಾಕ್ಸಿನ ಶಾಫ್ಟೂ ಡಿಫರೆನ್ಷಿಯಲ್‌ನ ಪಿನಿಯನ್ನೂ ಒಂದಕ್ಕೊಂದು ಸಮಾಂತರವಾಗಿರಬೇಕು, ಒಂದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ವೇಗ ಏರಿದಂತೆ ನಡುಕ ಬರುತ್ತದೆ.

ಆಮೇಲೆ ಮೇಜು. ಚಾಸಿಗಿಂತ ಮೊದಲು ಚಾಸಿ ಕಟ್ಟುವ ಮೇಜನ್ನು ಕಟ್ಟಿ ಎಂದರೆ ಅನೇಕರು ನಗುತ್ತಾರೆ, ಆದರೆ ಇಡೀ ಕೆಲಸದಲ್ಲಿ ನಾನು ಅತ್ಯಂತ ಗಟ್ಟಿಯಾಗಿ ಹೇಳಬೇಕಾದ ಮಾತು ಇದೇ. ಸುಮಾರು 4 ಮೀಟರ್ ಉದ್ದದ ಎರಡು ಐ ಬೀಮ್‌ಗಳನ್ನು ಸೊಂಟದ ಎತ್ತರದಲ್ಲಿ ಜೋಡಿಸಿ, ಅಡ್ಡಪಟ್ಟಿ ಹಾಕಿ, ಪ್ರತಿ ಕಾಲಿಗೂ ಒಂದು ದಪ್ಪ ಬೋಲ್ಟ್ ಕೊಟ್ಟು ಎತ್ತರ ತಗ್ಗು ಮಾಡುವಂತೆ ಮಾಡಿಕೊಳ್ಳಿ. ಮಟ್ಟ ನೋಡಲು ಮನೆ ಕಟ್ಟುವ ಮೇಸ್ತ್ರಿಗಳು ಬಳಸುವ ನೀರಿನ ಲೆವೆಲ್ ಪೈಪ್ ಸಾಕು. ಅದರಲ್ಲಿ ಗಾಳಿಗುಳ್ಳೆ ಇಲ್ಲದಿದ್ದರೆ ನಾಲ್ಕು ಮೂಲೆಗಳನ್ನು ಒಂದು ಮಿ.ಮೀ. ಒಳಗೆ ಹೊಂದಿಸಬಹುದು. ಮೇಜಿನ ಉದ್ದಕ್ಕೂ ನಡುಗೆರೆಯನ್ನು ದಾರ ಬಿಗಿದು ಗೀಚಿ, ಸೆಂಟರ್ ಪಂಚಿನಿಂದ ಗುರುತು ಹೊಡೆದುಕೊಳ್ಳಿ, ಸೀಮೆಸುಣ್ಣದ ಗೆರೆ ಅಳಿಸಿಹೋಗುತ್ತದೆ. ಮುಂದೆ ಎಲ್ಲ ಅಳತೆಗಳನ್ನೂ ಈ ನಡುಗೆರೆಯಿಂದ ಎಡಕ್ಕೂ ಬಲಕ್ಕೂ ತೆಗೆಯಬೇಕು. ಒಂದು ಪೈಪಿನಿಂದ ಇನ್ನೊಂದು ಪೈಪಿಗೆ ಅಳೆದರೆ ಮೊದಲನೆಯ ಪೈಪಿನ ಸೊಟ್ಟ ಎರಡನೆಯದಕ್ಕೂ ದಾಟುತ್ತದೆ.

ಜೋಡಣೆಗಳ ಬಗ್ಗೆ ಎರಡು ಮಾತು. ಹಿಂದಿನ ಆಕ್ಸಲ್ ಬಳಿ ಪೈಪನ್ನು ಮೇಲಕ್ಕೆತ್ತಲು ಓರೆಯಾಗಿ ಕತ್ತರಿಸಿ ಬೆಸೆದ ಕಡೆ ಎರಡೂ ಬದಿಗೆ ವಜ್ರಾಕಾರದ ಪ್ಲೇಟ್ ಹಚ್ಚಿ. ಚೌಕ ಪ್ಲೇಟಿನ ಅಂಚು ಪೈಪಿಗೆ ಅಡ್ಡವಾಗಿ ನೇರ ಗೆರೆ ಎಳೆದಂತೆ ಕೂರುವುದರಿಂದ ದಣಿದ ಕಬ್ಬಿಣ ಬಿರುಕು ಬಿಡುವುದು ಆ ಗೆರೆಯಲ್ಲಿಯೇ. ಬೋಲ್ಟ್ ಹಾಕುವಲ್ಲಿ ಪೈಪಿನ ಮೇಲ್ಮೈ ಮತ್ತು ತಳಕ್ಕೆ ತೂತು ಕೊರೆಯಬೇಡಿ, ನಿಂತ ಬದಿಗಳಿಗೆ ಕೊರೆಯಿರಿ. ಒಳಗೆ ಬೋಲ್ಟಿಗೆ ಸರಿಹೋಗುವ ಕೊಳವೆ ತುಂಡೊಂದನ್ನು ಎರಡೂ ಗೋಡೆಗೆ ತಾಗುವಂತೆ ಇಟ್ಟು ಬೆಸೆಯಿರಿ. ಈ ತುಂಡು ಇಲ್ಲದಿದ್ದರೆ ನಟ್ಟು ಬಿಗಿದಷ್ಟೂ ಪೈಪ್ ಒಳಕ್ಕೆ ಅಪ್ಪಚ್ಚಿಯಾಗಿ, ನಾಲ್ಕು ದಿನದಲ್ಲಿ ನಟ್ಟು ಸಡಿಲವಾಗುತ್ತದೆ.

ಪ್ರಶ್ನೆ: ನಾನು ಗಂಗಾವತಿಯವನು. ಹೀಗೆ ಮನೆಯಲ್ಲಿ ಚಾಸಿ ಮಾಡಿ ಕಟ್ಟಿದ ಕಾರನ್ನು ಆರ್‌ಟಿಒ ಕಚೇರಿಯಲ್ಲಿ ನೋಂದಾಯಿಸಿ ರಸ್ತೆಯಲ್ಲಿ ಓಡಿಸಬಹುದೇ? ಹಳೆಯ ಅಂಬಾಸಡರ್ ಕಾರಿನ ಆರ್.ಸಿ. ನಮ್ಮ ಮನೆಯಲ್ಲಿದೆ, ಅದೇ ನಂಬರಿನಲ್ಲಿ ಹೊಸ ಚಾಸಿಯ ಮೇಲೆ ಆ ಬಾಡಿಯನ್ನು ಕೂರಿಸಿದರೆ ಹೇಗೆ?

ಉತ್ತರ: ಆಗುವುದಿಲ್ಲ, ಮತ್ತು ಇದನ್ನು ಹಣ ಖರ್ಚಾಗುವ ಮೊದಲೇ ತಾವು ತಿಳಿದುಕೊಂಡದ್ದು ಒಳ್ಳೆಯದಾಯಿತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೂ ಆರ್.ಸಿ.ಯ ವಿವರಗಳಿಗೂ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಾಯಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ನಂತರ, ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೂ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆ, ಇಲ್ಲವೆ ಎರಡನ್ನೂ ವಿಧಿಸಬಹುದು. ಜೊತೆಗೆ ಅಂಬಾಸಡರ್‌ಗೆ ಬೇರೆಯಾಗಿ ಬಿಚ್ಚಿ ತೆಗೆಯಬಹುದಾದ ಚಾಸಿಯೇ ಇಲ್ಲ. ಅದರ ತಳ, ಬದಿ, ಚಾವಣಿ ಎಲ್ಲವೂ ಒಂದಾಗಿ ಬೆಸೆದ ಒಂದೇ ಒಡಲು. ತಳವನ್ನು ಕೊಯ್ದು ತೆಗೆದರೆ ಉಳಿಯುವುದು ಬಿಗಿತವಿಲ್ಲದ ತಗಡು. ತಂದೆಯವರ ಕಾಲದ ಕಾರು ಎಂಬಂತೆ ತಮ್ಮ ಪತ್ರದ ಧಾಟಿಯಿಂದ ತೋರುತ್ತದೆ. ಅದನ್ನು ಇದ್ದಂತೆಯೇ ದುರಸ್ತಿ ಮಾಡಿ ಉಳಿಸಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಹಾಟ್ ರಾಡ್ ಕಟ್ಟುವುದಾದರೆ ಸ್ವಂತ ಜಮೀನಿನಲ್ಲಿ ಓಡಿಸಲು, ಪ್ರದರ್ಶನಕ್ಕೆ ಇಡಲು ಮಾತ್ರ ಕಟ್ಟಿ, ಅಲ್ಲಿಗೂ ಲಾರಿಯ ಮೇಲೆ ಹೇರಿಕೊಂಡೇ ಹೋಗಿ.

ಪ್ರಶ್ನೆ: ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಮ್ಮ ಮನೆ. ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿರುವ ನಾನು ಅಣ್ಣನ ಜೊತೆ ಸೇರಿ ಒಂದು ಚಾಸಿ ಕಟ್ಟಿದೆ. ಟ್ಯಾಕ್ (ತುಂಡುಗಳನ್ನು ಹಿಡಿದಿಡುವ ಚಿಕ್ಕ ಬೆಸುಗೆ) ಹಾಕಿದಾಗ ಎರಡೂ ಕರ್ಣಗಳು ಸಮವಾಗಿದ್ದವು. ಪೂರ್ತಿ ಬೆಸುಗೆ ಮುಗಿದ ಮೇಲೆ 8 ಮಿ.ಮೀ. ವ್ಯತ್ಯಾಸ ಬಂದಿದೆ, ಬಲಗಡೆಯ ಹಿಂದಿನ ಮೂಲೆ ಮೇಜಿನಿಂದ ಮೇಲೆದ್ದಿದೆ. ಅಣ್ಣ ಜಾಕ್ ಕೊಟ್ಟು ಒತ್ತಿ ಸರಿಮಾಡೋಣ ಎನ್ನುತ್ತಾನೆ. ಏನು ಮಾಡಬೇಕು?

ಉತ್ತರ: ಜಾಕ್ ಕೊಡಬೇಡಿ ಎಂದು ಅಣ್ಣನಿಗೆ ಹೇಳಮ್ಮಾ. ಒತ್ತಿ ಕೂರಿಸಿದ ಚಾಸಿ ಮೇಜಿನ ಮೇಲೆ ನೇರವಾಗಿ ಕಂಡರೂ ಒಳಗಿನ ಎಳೆತ ಹಾಗೆಯೇ ಉಳಿದಿರುತ್ತದೆ, ಎಂಜಿನ್ ಭಾರ ಬಿದ್ದ ದಿನ ಅದು ಮತ್ತೆ ತಲೆಯೆತ್ತುತ್ತದೆ.

ಮೊದಲು ಅಳತೆಯೇ ಸರಿಯೇ ಎಂದು ನೋಡಿಕೊಳ್ಳಿ, ಏಕೆಂದರೆ ನಮ್ಮ ಬಳ್ಳಾರಿಯ ಬಿಸಿಲು ಇದರಲ್ಲಿ ಕೈ ಆಡಿಸುತ್ತದೆ. ನಾನು ಈ ಕೆಲಸಕ್ಕೆ ಇಳಿದ ಹೊಸದರಲ್ಲಿ ಒಂದು ಮೇ ತಿಂಗಳ ಮಧ್ಯಾಹ್ನ, ಶೆಡ್ಡಿನ ಬಾಗಿಲಲ್ಲಿ ಬಿಸಿಲಿಗೆ ಚಾಚಿಕೊಂಡಿದ್ದ ಪೈಪೊಂದಕ್ಕೆ ದಾರ ಬಿಗಿದು ನೋಡಿದಾಗ ನಡುವೆ ಸುಮಾರು 3 ಮಿ.ಮೀ. ಉಬ್ಬಿತ್ತು. ಸೊಟ್ಟ ಪೈಪ್ ಕೊಟ್ಟರೆಂದು ಅಂಗಡಿಯವರ ಮೇಲೆ ಸಿಟ್ಟಾಗಿ ಅದನ್ನು ಪಕ್ಕಕ್ಕಿಟ್ಟೆ. ಮರುದಿನ ಬೆಳಿಗ್ಗೆ ಏಳು ಗಂಟೆಗೆ ಅದೇ ದಾರ, ಅದೇ ಪೈಪ್. ದಾರ ಮೇಲ್ಮೈಗೆ ಅಂಟಿಕೊಂಡು ನಿಂತಿತು. ಉಕ್ಕು ಪ್ರತಿ ಡಿಗ್ರಿಗೆ, ಪ್ರತಿ ಮೀಟರಿಗೆ 0.012 ಮಿ.ಮೀ. ಹಿಗ್ಗುತ್ತದೆ. 3.6 ಮೀಟರ್ ಉದ್ದದ, 100 ಮಿ.ಮೀ. ಎತ್ತರದ ಪೈಪಿನ ಮೇಲ್ಮೈ ತಳಕ್ಕಿಂತ 15 ಡಿಗ್ರಿ ಬಿಸಿಯಾದರೆ ಸಾಕು, ನಡುವೆ ಅಷ್ಟೇ ಉಬ್ಬು ಬರುತ್ತದೆ. ಆದ್ದರಿಂದ ಇಡೀ ಚಾಸಿ ರಾತ್ರಿ ನೆರಳಲ್ಲಿ ತಣಿದ ಮೇಲೆ, ಬೆಳಗಿನ ಹೊತ್ತು ಮತ್ತೊಮ್ಮೆ ಅಳೆಯಿರಿ. ಈ ಸೀಮೆಯಲ್ಲಿ ಚಾಸಿಯ ಕೊನೆಯ ಅಳತೆಗಳನ್ನು ಬೆಳಿಗ್ಗೆ ಬಿಟ್ಟು ಬೇರೆ ಹೊತ್ತಿನಲ್ಲಿ ತೆಗೆಯಬಾರದು.

ಆಗಲೂ 8 ಮಿ.ಮೀ. ಬಂದರೆ ಅದರ ಅರ್ಥ ಒಂದು ಉದ್ದದ ಪೈಪ್ ಇನ್ನೊಂದಕ್ಕಿಂತ ಸುಮಾರು 4 ಮಿ.ಮೀ. ಮುಂದಕ್ಕೆ ಸರಿದಿದೆ ಎಂದು. ಉದ್ದನೆಯ ಚಾಸಿಯಲ್ಲಿ ಕರ್ಣಗಳ ವ್ಯತ್ಯಾಸ, ಪೈಪ್ ನಿಜವಾಗಿ ಸರಿದದ್ದರ ಸುಮಾರು ಎರಡರಷ್ಟು ತೋರುತ್ತದೆ. ಮೂಲೆ ಎದ್ದಿರುವುದು ಬೇರೆಯೇ ದೋಷ, ಅದನ್ನು ಕರ್ಣದ ಅಳತೆ ತೋರಿಸುವುದಿಲ್ಲ. ಚಾಸಿಯ ನಾಲ್ಕು ಮೂಲೆಗಳ ಮೇಲ್ಮೈಯಿಂದ ಎರಡು ದಾರಗಳನ್ನು ಕರ್ಣವಾಗಿ ಬಿಗಿದರೆ, ತಿರುಚಿಲ್ಲದ ಚಾಸಿಯಲ್ಲಿ ಅವು ನಡುವೆ ಒಂದನ್ನೊಂದು ಮೆಲ್ಲಗೆ ಮುಟ್ಟುತ್ತವೆ. ನಿಮ್ಮದರಲ್ಲಿ ನಡುವೆ ಬೆಳಕು ಕಾಣುತ್ತದೆ, ಅಥವಾ ಮೇಲಿನ ದಾರವನ್ನು ಕೆಳಗಿನದು ಎತ್ತಿ ಹಿಡಿದಿರುತ್ತದೆ.

ಕಾರಣವನ್ನು ನಿಮ್ಮ ಪತ್ರದಿಂದಲೇ ಊಹಿಸಬಲ್ಲೆ: ಒಂದು ಕಡೆಯ ಅಡ್ಡಪಟ್ಟಿಗಳನ್ನೆಲ್ಲ ಪೂರ್ತಿ ಬೆಸೆದು, ಆಮೇಲೆ ಇನ್ನೊಂದು ಕಡೆಗೆ ಬಂದಿದ್ದೀರಿ. ಕರಗಿದ ಬೆಸುಗೆ ತಣಿಯುವಾಗ ಕುಗ್ಗಿ ಎರಡೂ ತುಂಡುಗಳನ್ನು ತನ್ನ ಕಡೆಗೆ ಎಳೆಯುತ್ತದೆ. ಮೊದಲು ಬೆಸೆದ ಬದಿ ಎಳೆದುಕೊಂಡು ಗಟ್ಟಿಯಾಗಿಬಿಟ್ಟಿರುತ್ತದೆ, ಎರಡನೆಯ ಬದಿಯ ಎಳೆತಕ್ಕೆ ಹೋಗಲು ಜಾಗವಿಲ್ಲದೆ ಮೂಲೆ ಮೇಲೇಳುತ್ತದೆ. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಪ್ರತಿ ಟ್ಯಾಕಿನ ಮುಂದೆಯೂ ‘ಮೊದ್ಲು ಅಳತಿ ನೋಡು, ಆಮ್ಯಾಲೆ ಕಡ್ಡಿ ಹಚ್ಚು’ ಎನ್ನುತ್ತಿದ್ದರು, ಪ್ರತಿ ಎರಡು ಬೆಸುಗೆಗೊಮ್ಮೆ ನನ್ನ ಕೈಯಿಂದ ಹೋಲ್ಡರ್ ಕೆಳಗಿಡಿಸಿ ಕರ್ಣ ಅಳೆಸುತ್ತಿದ್ದರು.

ಈಗ ಮಾಡಬೇಕಾದ್ದು ಹೀಗೆ. ಚಾಸಿಯನ್ನು ಮೇಜಿಗೆ ಬಿಗಿಯುವ ಮೊದಲು, ನಡುವಿನ ಅಡ್ಡಪಟ್ಟಿಯ ಒಂದು ತುದಿಯ ಬೆಸುಗೆಯನ್ನು 1 ಮಿ.ಮೀ. ದಪ್ಪದ ಕಟಿಂಗ್ ವೀಲ್‌ನಿಂದ ಪೂರ್ತಿ ಬಿಡಿಸಿ. ಬಿಡಿಸಿದ ಕೂಡಲೇ ಪೈಪ್ ತಾನಾಗಿ ಯಾವ ಕಡೆಗೆ ಜರುಗುತ್ತದೆ ಎಂಬುದನ್ನು ಗಮನಿಸಿ, ಎಳೆತ ಎಲ್ಲಿತ್ತೆಂದು ಅದೇ ಹೇಳುತ್ತದೆ. ಮೂಲೆ ಇನ್ನೂ ಇಳಿಯದಿದ್ದರೆ ಹಿಂದಿನ ಅಡ್ಡಪಟ್ಟಿಯ ಬಲ ತುದಿಯನ್ನೂ ಬಿಡಿಸಿ. ನಾಲ್ಕು ಮೂಲೆಗಳೂ ಒತ್ತಾಯವಿಲ್ಲದೆ ಮೇಜಿಗೆ ಕೂತ ಮೇಲೆ ಕ್ಲ್ಯಾಂಪ್ ಬಿಗಿದು, ಕರ್ಣ ಸರಿಪಡಿಸಿ, 10 ರಿಂದ 15 ಮಿ.ಮೀ. ಉದ್ದದ ಟ್ಯಾಕ್ ಹಾಕಿ. ಪೂರ್ತಿ ಬೆಸುಗೆಯನ್ನು ಒಮ್ಮೆಗೆ 30 ಮಿ.ಮೀ.ಗಿಂತ ಉದ್ದ ಎಳೆಯದೆ, ಮುಂದಿನ ಎಡ ಮೂಲೆಯಲ್ಲಿ ಒಂದು ತುಂಡು ಹಾಕಿದರೆ ಮುಂದಿನದನ್ನು ಹಿಂದಿನ ಬಲ ಮೂಲೆಯಲ್ಲಿ ಹಾಕುತ್ತ, ಬೆಸೆದ ಜಾಗ ಕೈಯಲ್ಲಿ ಮುಟ್ಟುವಷ್ಟು ತಣಿದ ಮೇಲೆಯೇ ಅಲ್ಲಿಗೆ ಮರಳಿ. ನೀರು ಸುರಿದು ತಣಿಸಬೇಡಿ. ಕೊನೆಯ ಬೆಸುಗೆಯ ನಂತರ ಒಂದು ರಾತ್ರಿ ಕ್ಲ್ಯಾಂಪುಗಳು ಹಾಗೆಯೇ ಇರಲಿ. ಬೆಳಿಗ್ಗೆ ಕ್ಲ್ಯಾಂಪ್ ಬಿಚ್ಚಿದಾಗ ಕರ್ಣಗಳ ವ್ಯತ್ಯಾಸ 2 ಮಿ.ಮೀ. ಒಳಗಿದ್ದರೆ ನಿಮ್ಮ ಚಾಸಿ ಚೆನ್ನಾಗಿ ಬಂದಿದೆ ಎಂದು ತಿಳಿಯಿರಿ, ಕಾಲೇಜಿನಲ್ಲಿ ಹೆಮ್ಮೆಯಿಂದ ತೋರಿಸಿ.

ಪ್ರಶ್ನೆ: ಕೊಪ್ಪಳದಲ್ಲಿ ಲೇಪವಿಲ್ಲದ ಕಪ್ಪು ಬಾಕ್ಸ್ ಪೈಪ್ ಸಿಗದೆ ಜಿ.ಐ. ಪೈಪ್ ತಂದು ಚಾಸಿ ಬೆಸೆಯುತ್ತಿದ್ದೇನೆ. ರಾತ್ರಿ ಚಳಿಜ್ವರ ಬಂದು ಬೆಳಿಗ್ಗೆ ತಾನಾಗಿ ಬಿಡುತ್ತದೆ. ಎರಡು ಸಲ ಹೀಗಾಗಿದೆ. ವೆಲ್ಡಿಂಗ್‌ಗೂ ಇದಕ್ಕೂ ಸಂಬಂಧವಿದೆಯೇ?

ಉತ್ತರ: ಸಂಬಂಧವಿದೆ, ಕೆಲಸವನ್ನು ಇಂದೇ ನಿಲ್ಲಿಸಿ. ಜಿ.ಐ. ಪೈಪಿನ ಮೇಲಿರುವುದು ಸತುವಿನ ಲೇಪ. ಬೆಸುಗೆಯ ಕಾವಿಗೆ ಅದು ಬಿಳಿ ಹೊಗೆಯಾಗಿ ಏಳುತ್ತದೆ, ಆ ಹೊಗೆ ಕುಡಿದ ಕೆಲವು ಗಂಟೆಗಳ ನಂತರ ಚಳಿ, ಜ್ವರ, ಮೈಕೈ ನೋವು, ಬಾಯಲ್ಲಿ ಲೋಹದ ರುಚಿ ಬರುತ್ತವೆ. ಹಾಲು ಕುಡಿದರೆ ಇದು ಹೋಗುತ್ತದೆ ಎಂಬ ಮಾತನ್ನು ನಂಬಬೇಡಿ. ವೈದ್ಯರ ಬಳಿ ಹೋಗಿ ಯಾವ ಪೈಪ್ ಬೆಸೆಯುತ್ತಿದ್ದೆ ಎಂಬುದನ್ನು ಬಿಡಿಸಿ ಹೇಳಿ, ಎದೆ ಬಿಗಿತವೋ ಏದುಸಿರೋ ಇದ್ದರೆ ತಡಮಾಡಬೇಡಿ. ಚಾಸಿಗೆ ಕಪ್ಪು ಪೈಪೇ ಬೇಕು, ಏಕೆಂದರೆ ಸತುವು ಬೆಸುಗೆಯೊಳಗೆ ಸೇರಿ ಗುಳ್ಳೆ ಬಿಡಿಸಿ ಅದನ್ನು ಟೊಳ್ಳಾಗಿಸುತ್ತದೆ. ಈಗಾಗಲೇ ಬೆಸೆದ ಜೋಡಣೆಗಳನ್ನು ಗ್ರೈಂಡರಿನಿಂದ ಒಂದೆರಡು ಕಡೆ ಕೊರೆದು ನೋಡಿ. ಸೂಜಿ ಚುಚ್ಚಿದಂಥ ತೂತುಗಳು ಕಂಡರೆ ಆ ಚಾಸಿಯನ್ನು ಶೆಡ್ಡಿನ ಮೇಜಿಗೋ ಕಪಾಟಿಗೋ ಬಳಸಿ, ಎಂಜಿನ್ ಕೂರಿಸಬೇಡಿ.