ಓದುಗರ ಪ್ರಶ್ನೆ: ಬಾವಿ, ಶೌಚಗುಂಡಿ ಇರುವ ಬಡಾವಣೆಗೆ ಒಳಚರಂಡಿ ಬೇಕೆ?

ಪ್ರಶ್ನೆ: ಕರಾವಳಿಯ ಒಂದು ನಗರಸಭೆಯ ಹೊರವಲಯದಲ್ಲಿ ನಮ್ಮ ಮನೆಯಿದೆ. ನಮ್ಮ ಬಡಾವಣೆಗೂ ಒಳಚರಂಡಿ ಜಾಲವನ್ನು ವಿಸ್ತರಿಸುವ ಪ್ರಸ್ತಾವ ನಗರಸಭೆಯ ಸಾಮಾನ್ಯ ಸಭೆಯಲ್ಲಿ ಎರಡು ಬಾರಿ ಚರ್ಚೆಗೆ ಬಂದು, ಎರಡು ಬಾರಿಯೂ ಗದ್ದಲದಲ್ಲಿ ಮುಂದಕ್ಕೆ ಹೋಯಿತು. ಕೆಲವು ಸದಸ್ಯರು ತಮ್ಮ ವಾರ್ಡಿಗೇ ಮೊದಲು ಬೇಕೆಂದು ಪಟ್ಟು ಹಿಡಿದಿದ್ದಾರೆ. ತಗ್ಗಿನ ವಾರ್ಡಿನವರು ಊರಿನ ಕೊಳಚೆಯೆಲ್ಲ ತಮ್ಮ ಕಡೆಗೇ ಬರುತ್ತದೆಂದು ವಿರೋಧಿಸುತ್ತಿದ್ದಾರೆ. ನಿವಾಸಿಗಳಲ್ಲಿಯೂ ಒಮ್ಮತವಿಲ್ಲ. ಇಲ್ಲಿ ಮನೆಗೊಂದು ಬಾವಿ, ಮನೆಗೊಂದು ಶೌಚಗುಂಡಿ ಇವೆ. ನಮ್ಮ ಗುಂಡಿಯನ್ನಂತೂ 22 ವರ್ಷಗಳಲ್ಲಿ ಒಮ್ಮೆಯೂ ತೆಗೆಸುವ ಪ್ರಮೇಯ ಬಂದಿಲ್ಲ. ಹೀಗಿರುವಾಗ, ಈಚೆಗಷ್ಟೇ ಕಾಂಕ್ರೀಟು ಕಂಡ ರಸ್ತೆಯನ್ನು ಅಗೆಸಿಕೊಂಡು, ಠೇವಣಿಯನ್ನೂ ತಿಂಗಳ ಶುಲ್ಕವನ್ನೂ ತೆತ್ತು ಒಳಚರಂಡಿ ಪಡೆಯುವ ಅಗತ್ಯವಿದೆಯೇ?
– ಒಬ್ಬ ನಿವೃತ್ತ ಶಿಕ್ಷಕರು

ಉತ್ತರ: ತಾವು ಸಮಾಧಾನದಿಂದ ಬರೆದಿರುವ ಆ 22 ವರ್ಷಗಳ ಸಂಗತಿಯೇ ನನಗೆ ಗಾಬರಿ ಹುಟ್ಟಿಸಿತು. ತಳಕ್ಕೂ ಗೋಡೆಗೂ ಗಾರೆ ಮಾಡಿ ಕಟ್ಟಿದ ಸೆಪ್ಟಿಕ್ ಟ್ಯಾಂಕಿನಲ್ಲಿ ಹೂಳು ಕೂಡಿಯೇ ಕೂಡುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಸಕ್ಕಿಂಗ್ ವಾಹನ ಕರೆಸಿ ಅದನ್ನು ತೆಗೆಸಬೇಕು. ಇಷ್ಟು ಕಾಲ ತೆಗೆಸದೆಯೂ ತುಂಬದ ಗುಂಡಿಗೆ ಬಹುಮಟ್ಟಿಗೆ ತಳವೇ ಇರುವುದಿಲ್ಲ, ಬಿದ್ದದ್ದೆಲ್ಲ ನೆಲಕ್ಕೆ ಇಳಿಯುತ್ತಿರುತ್ತದೆ. ಕರಾವಳಿಯ ಮುರಕಲ್ಲು ಎಷ್ಟು ತೂತುತೂತಾಗಿರುತ್ತದೆ ಎಂಬುದನ್ನು ಬಾವಿ ತೋಡಿಸಿದವರೆಲ್ಲ ಕಂಡಿದ್ದಾರೆ. ಬೇಸಿಗೆಯಲ್ಲಿ ಆಳಕ್ಕಿಳಿದಿದ್ದ ಬಾವಿನೀರು ಆಟಿ ತಿಂಗಳ ಜಡಿಮಳೆಯಲ್ಲಿ ಕಟ್ಟೆಯ ಸಮೀಪಕ್ಕೇರಿದಾಗ, ಗುಂಡಿಯಿಂದ ಇಳಿದುಬಂದದ್ದನ್ನು ಸೋಸಲು ನಡುವೆ ಒಣನೆಲವೇ ಉಳಿಯುವುದಿಲ್ಲ.

ನನ್ನ ಮಾತನ್ನು ನಂಬಬೇಕಾಗಿಲ್ಲ, ಪರೀಕ್ಷೆ ಮಾಡಿಸಬಹುದು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ 100 ಮಿಲಿಲೀಟರ್ ನೀರಿನಲ್ಲಿ ಮಲದ ಸೋಂಕನ್ನು ಸೂಚಿಸುವ ಇ. ಕೋಲೈ ಬ್ಯಾಕ್ಟೀರಿಯಾ ಒಂದೂ ಕಾಣಬಾರದು. ಪ್ರಯೋಗಾಲಯ ದೂರವಾದರೆ ಮನೆಯಲ್ಲೇ ಪರೀಕ್ಷಿಸುವ ಎಚ್‌ಟುಎಸ್ ಬಾಟಲಿಗಳು ಸಿಗುತ್ತವೆ. ಅದರಲ್ಲಿ ಬಾವಿನೀರು ತುಂಬಿ ಒಂದೆರಡು ದಿನ ಬೆಚ್ಚನೆಯ ಜಾಗದಲ್ಲಿಟ್ಟರೆ, ಕೊಳಚೆ ಸೇರಿದ ನೀರು ಸಾಮಾನ್ಯವಾಗಿ ಕಪ್ಪಗಾಗುತ್ತದೆ. ಮಳೆಗಾಲದ ನಡುವೆ ಬಡಾವಣೆಯ ಹತ್ತು ಬಾವಿಗಳಲ್ಲಿ ಹೀಗೆ ಪರೀಕ್ಷಿಸಿ, ಕಪ್ಪಾದ ಬಾಟಲಿಗಳನ್ನೇ ವಾರ್ಡಿನ ಸದಸ್ಯರ ಮುಂದಿಡಿ.

ಆದುದರಿಂದ ಒಳಚರಂಡಿ ಬೇಕು. ಆದರೆ ಸಭೆಯಲ್ಲಿ ಎಲ್ಲರೂ ತಮ್ಮ ಮನೆಯ ಮುಂದೆ ಪೈಪು ಯಾವಾಗ ಬರುತ್ತದೆಂದು ಕೇಳುತ್ತಾರೆಯೇ ಹೊರತು, ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಕೇಳುವವರು ಕಡಿಮೆ. ಒಳಚರಂಡಿ ಇರುವ ಊರುಗಳಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ಶೇ 80ರಷ್ಟು ಕೊಳಚೆ ಎಂಬ ಲೆಕ್ಕವನ್ನು ಎಂಜಿನಿಯರುಗಳು ಹಿಡಿಯುತ್ತಾರೆ. ಐದು ಮಂದಿಯ ಒಂದು ಮನೆಯಿಂದ ದಿನಕ್ಕೆ 540 ಲೀಟರ್, ಸಾವಿರ ಮನೆಗಳಿಂದ 5.4 ಲಕ್ಷ ಲೀಟರ್ ಆಯಿತು. ಈಗಿರುವ ಶುದ್ಧೀಕರಣ ಘಟಕಕ್ಕೂ ಅಲ್ಲಿಗೆ ಹೋಗುವ ಮುಖ್ಯ ಕೊಳವೆಗೂ ಇಷ್ಟನ್ನು ತಾಳುವ ಶಕ್ತಿಯಿಲ್ಲದಿದ್ದರೆ, ತಮ್ಮ ಬಾವಿಯ ಕಷ್ಟ ತಗ್ಗಿನವರ ತೋಡಿಗೆ (ಹಳ್ಳಕ್ಕೆ) ವರ್ಗವಾಗುತ್ತದೆ, ಅಷ್ಟೆ. ಬೆಂಗಳೂರಿನಲ್ಲಿ ಆದದ್ದು ಇದೇ. ಮನೆಗಳಿಂದ ಹೊರಬಿದ್ದ ಕೊಳಚೆ ಶುದ್ಧವಾಗದೆ ಮಳೆನೀರಿನ ರಾಜಕಾಲುವೆಗಳ ಮೂಲಕ ಬೆಳ್ಳಂದೂರು ಕೆರೆಗೆ ಸೇರುತ್ತ ಹೋಗಿ, 2015ರಲ್ಲಿ ಕೆರೆಯ ನೊರೆಗೇ ಬೆಂಕಿ ಹೊತ್ತಿಕೊಂಡಿತು. 2018ರ ಜನವರಿಯಲ್ಲಿ ಮತ್ತೆ ಅಲ್ಲಿ ಬೆಂಕಿ ಬಿದ್ದಿತು. ತಗ್ಗಿನ ವಾರ್ಡಿನ ಸದಸ್ಯರ ವಿರೋಧವನ್ನು ಅಡ್ಡಗಾಲು ಎಂದು ತಳ್ಳಿಹಾಕಬಾರದು ಎಂದು ನಾನು ಹೇಳುವುದು ಇದಕ್ಕಾಗಿಯೇ. ಮೊದಲು ಘಟಕ, ಬಳಿಕ ಮುಖ್ಯ ಕೊಳವೆ ಮತ್ತು ವೆಟ್‌ವೆಲ್ (ತಗ್ಗಿನ ಕೊಳಚೆ ಕೂಡಿಸಿಕೊಂಡು ಪಂಪಿನಿಂದ ಮೇಲೆತ್ತುವ ಬಾವಿ), ಕೊನೆಗೆ ಬೀದಿಯ ಪೈಪು ಎಂಬ ಕ್ರಮವನ್ನು ನಿರ್ಣಯದಲ್ಲೇ ಬರೆಸುವಂತೆ ಎರಡೂ ಬಡಾವಣೆಯವರು ಕೂಡಿ ಒತ್ತಾಯಿಸಿದರೆ ಜಗಳದ ಅರ್ಧ ಅಲ್ಲಿಗೇ ಮುಗಿಯುತ್ತದೆ. ಏರುತಗ್ಗಿನ ಕರಾವಳಿಯಲ್ಲಿ ವೆಟ್‌ವೆಲ್ ಇಲ್ಲದೆ ನಡೆಯುವುದಿಲ್ಲ. ವಿದ್ಯುತ್ ಹೋದಾಗ ಅದು ಉಕ್ಕದಂತೆ ಜನರೇಟರ್ ಇದೆಯೇ, ಅದರ ಡೀಸೆಲ್ ಖರ್ಚು ಯಾರದು ಎಂಬುದೂ ಆ ನಿರ್ಣಯದಲ್ಲಿರಲಿ.

ಇನ್ನು ಮಳೆನೀರು. 100 ಚದರ ಮೀಟರಿನ ಚಾವಣಿಯ ಮೇಲೆ ಒಂದು ಗಂಟೆಯಲ್ಲಿ 50 ಮಿಲಿಮೀಟರ್ ಮಳೆ ಸುರಿದರೆ 5,000 ಲೀಟರ್ ನೀರಾಗುತ್ತದೆ. ಅದನ್ನು ಒಳಚರಂಡಿಗೆ ಸೇರುವ ಅಂಗಳದ ಚೇಂಬರಿಗೆ ಬಿಟ್ಟವರು ಒಂಬತ್ತು ಮನೆಗಳ ಇಡೀ ದಿನದ ಕೊಳಚೆಯನ್ನು ಒಂದೇ ಗಂಟೆಯಲ್ಲಿ ಪೈಪಿಗೆ ಸುರಿದಂತೆ. ಜೂನ್ ಬಂತೆಂದರೆ ಆಳುಗುಂಡಿಗಳ (ಮ್ಯಾನ್‌ಹೋಲ್) ಮುಚ್ಚಳ ಎದ್ದು ರಸ್ತೆಯಲ್ಲಿ ಕೊಳಚೆ ಹರಿಯುವುದಕ್ಕೆ ಬಹಳಷ್ಟು ಕಡೆ ಇದೂ ಕಾರಣ. ಈ ತಪ್ಪು ನಗರಸಭೆಯದಲ್ಲ, ನಮ್ಮದು.

ರಸ್ತೆಯ ವಿಷಯದಲ್ಲಿ ತಮ್ಮ ಸಿಟ್ಟು ನ್ಯಾಯವಾದದ್ದು. ಪೈಪು ಹಾಕುವಾಗಲೇ ಪ್ರತಿ ಮನೆಯ ಗೇಟಿನವರೆಗೆ ಸಂಪರ್ಕದ ತುಂಡನ್ನು ಎಳೆದು ಬಾಯಿ ಮುಚ್ಚಿಡಬೇಕೆಂದೂ, ರಸ್ತೆಯ ದುರಸ್ತಿ ಅದೇ ಟೆಂಡರಿನ ಬಾಬತ್ತಾಗಬೇಕೆಂದೂ ಕೇಳಿ. ಶುಲ್ಕದ ಬಗ್ಗೆ ನನಗೆ ಹೆಚ್ಚು ತಕರಾರಿಲ್ಲ. ಆದರೆ ಬೆಂಗಳೂರಿನ ಹೊರಗೆ ಇಂತಹ ಕಾಮಗಾರಿಗಳನ್ನು ಹೆಚ್ಚಾಗಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಮಾಡಿಸಿ ನಗರಸಭೆಗೆ ಒಪ್ಪಿಸುತ್ತದೆ. ಆಮೇಲಿನ ನಿರ್ವಹಣೆಗೆ, ನೀರಿನ ರಭಸದಿಂದ ಪೈಪಿನ ಕಟ್ಟು ಬಿಡಿಸುವ ಜೆಟ್ಟಿಂಗ್ ಯಂತ್ರವಿದೆಯೇ, ಅದು ತಮ್ಮ ಓಣಿಯೊಳಗೆ ಬರುತ್ತದೆಯೇ ಎಂದು ವಿಚಾರಿಸಿ. ಆಳುಗುಂಡಿಗೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದನ್ನು ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ನಿಷೇಧಿಸಿದೆ. ಹಾಗೆ ಇಳಿದು ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ಯೋಜನಾ ವರದಿಯ ಪ್ರತಿಯನ್ನು ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದ ಅರ್ಜಿ ಕೊಟ್ಟು ಕೇಳಬಹುದು. 30 ದಿನಗಳೊಳಗೆ ಉತ್ತರ ಬರಬೇಕು.

ಪ್ರಶ್ನೆ: ನಾನು ಮೊದಲ ಬಾರಿ ಆಯ್ಕೆಯಾದ ನಗರಸಭಾ ಸದಸ್ಯೆ. ನನ್ನ ವಾರ್ಡಿನಲ್ಲಿ ತೋಟಗಳ ನಡುವೆ ಅಲ್ಲೊಂದು ಇಲ್ಲೊಂದು ಮನೆಗಳಿವೆ. ಅಲ್ಲಿಗೂ ಪೈಪು ಬೇಕೆಂದು ಹಟ ಹಿಡಿಯಲೇ?

ಉತ್ತರ: ಬೇಡ ಎನ್ನುತ್ತೇನೆ. ವಿರಳವಾದ ಮನೆಗಳಿಂದ ಬರುವ ಅಲ್ಪ ನೀರು ಉದ್ದದ ಪೈಪಿನಲ್ಲಿ ವೇಗವಾಗಿ ಹರಿಯದೆ, ಹೂಳು ಅಲ್ಲಲ್ಲೇ ಕೂರುತ್ತದೆ. ಒಳಚರಂಡಿ ಇಲ್ಲದಿದ್ದ ದೇವನಹಳ್ಳಿಯಲ್ಲಿ 2015ರಿಂದ ಮಲಹೂಳು ಸಂಸ್ಕರಣಾ ಘಟಕವೊಂದು ನಡೆಯುತ್ತಿದೆ. ದಿನಕ್ಕೆ ಸುಮಾರು 6,000 ಲೀಟರ್ ಸಾಮರ್ಥ್ಯದ ಆ ಘಟಕಕ್ಕೆ ವಾಹನಗಳು ಮನೆಗಳ ಗುಂಡಿಯ ಹೂಳನ್ನು ತಂದು ಸುರಿಯುತ್ತವೆ; ಒಣಗಿದ ಹೂಳು ಗೊಬ್ಬರಕ್ಕೆ ಬಳಕೆಯಾಗುತ್ತದೆ. ತಮ್ಮ ವಾರ್ಡಿಗೆ ತಳ ಭದ್ರವಾದ ಟ್ಯಾಂಕು, ಗೊತ್ತಾದ ಅವಧಿಗೊಮ್ಮೆ ಬರುವ ವಾಹನ ಮತ್ತು ಇಂತಹದೊಂದು ಘಟಕವನ್ನು ಕೇಳಿ. ಮುಂದಿನ ಸಭೆಗೆ ಮೊದಲು, ನಿಮ್ಮ ಊರಿನ ಸಕ್ಕಿಂಗ್ ವಾಹನಗಳು ಈಗ ಎಲ್ಲಿ ಹೋಗಿ ಖಾಲಿಯಾಗುತ್ತಿವೆ ಎಂಬುದನ್ನು ಒಂದು ಸಂಜೆ ಹಿಂದೆಯೇ ಹೋಗಿ ನೋಡಿ ಬನ್ನಿ.